ಎಡಕ್ಕೆ ತಿರುಗಿದ ಕೊಕ್ಕರೆ

ಮನೆಯ ಯಜಮಾನಿ ಸ್ಟೂಲುಗಳನ್ನು ಒರೆಸುತ್ತಿದ್ದರು.

ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದುವುದು, ಹಿಂಡುವುದು, ಕೊಡವುವುದು, ದುಂಡು ಸೀಟಿನ ಮೇಲೆ ಒಂದು ಸುತ್ತು ಆಡಿಸುವುದು, ಮುಂದಿನದಕ್ಕೆ ಹೋಗುವುದು. ಪ್ರತಿ ಸೀಟಿನ ನಡುವೆಯೂ ಒಂಟಿಕಾಲಿನಲ್ಲಿ ನಿಂತ ಒಂದು ಕೊಕ್ಕರೆ. ಅದರ ತಲೆಯ ಮೇಲೆ ಕಮಾನಿನಂತೆ ಬಾಗಿದ ಬಿಯರಿನ ಹೆಸರು. ಸೀಟುಗಳಿಗೆ ಹೊಸದಾಗಿ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೆಯೇ ಇತ್ತು. ಒಂದೇ ಒಂದು ಸ್ಟೂಲಿಗೆ ಮಾತ್ರ ಅದನ್ನು ಯಾರೋ ಕಿತ್ತುಹಾಕಿದ್ದರು.

ಖಾಸಗಿ ಪತ್ತೇದಾರಿಣಿ ಪೀಪಾಯಿಯನ್ನು ಸೀಳಿ ಮಾಡಿದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಆಳು ಎಷ್ಟು ಪುಟ್ಟವಳೆಂದರೆ ಅವಳ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಪೊಲೀಸ್ ಸ್ಟೇಷನ್ನಿನಲ್ಲಿ ಅವಳಿಗೆ ಗುಬ್ಬಿ ಮೇಡಂ ಎಂದೇ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ. ಅವಳಿಗೂ ಬೇಸರವಿಲ್ಲ. ಗುಬ್ಬಿ ಸೂರಿನಲ್ಲಿ ಕೂತರೆ ಯಾರೂ ಮಾತು ನಿಲ್ಲಿಸುವುದಿಲ್ಲ.

ಹೋದ ವಾರ ನೆಲಮಾಳಿಗೆಯ ಇದೇ ಬಾರ್ ಕೋಣೆಯಲ್ಲಿ ಮನೆಯ ಯಜಮಾನರು ಸತ್ತು ಬಿದ್ದಿದ್ದರು. ಕಿವಿಯ ಹಿಂದೆ ಬೆರಳಗಲದ ಆಳವಾದ ಗಾಯ. ಕೌಂಟರಿಗೆ ಹೊಸ ಹಲಗೆ ಕೂರಿಸಲು ಬಂದಿದ್ದ ಬಡಗಿಯ ಉಳಿ ಆ ಗಾಯದ ಅಳತೆಗೆ ಸರಿಹೋಯಿತೆಂದು ಪೊಲೀಸರು ಅವನನ್ನು ಎಳೆದೊಯ್ದಿದ್ದರು. ಬಡಗಿ ಬೇರೆ ಯಾರೂ ಅಲ್ಲ, ಈ ಮನೆಯ ಸೊಸೆಯ ತಮ್ಮ. ಕಸ್ಟಡಿ ಮುಗಿದು ನಾಳೆ ಬೆಳಿಗ್ಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಏನಾದರೂ ಸಿಗಬೇಕೆಂದು ಸೊಸೆಯೇ ಗುಬ್ಬಿಯನ್ನು ಕರೆಸಿಕೊಂಡಿದ್ದಳು.

ಯಜಮಾನಿ ಸ್ಟೂಲುಗಳನ್ನು ಮುಗಿಸಿ ಒಣಬಟ್ಟೆ ತೆಗೆದುಕೊಂಡರು. ಇನ್ನು ಕನ್ನಡಿಯ ಸರದಿ.

ಕೌಂಟರಿನ ಹಿಂದಿನ ಗೋಡೆಯಲ್ಲಿ, ಎರಡು ಕೈ ಚಾಚಿದರೆ ಸಿಗುವಷ್ಟು ಅಗಲದ ಕನ್ನಡಿ. ಮೇಲೆ 'ಕೊಕ್ಕರೆ ಬಿಯರ್', ಕೆಳಗೆ 'ನಿಂತಲ್ಲೇ ತಂಪು', ನಡುವೆ ಮೊಣಕೈ ಉದ್ದದ ಕೊಕ್ಕರೆ. ಯಜಮಾನಿ ನಾಲ್ಕು ಮೂಲೆಗಳನ್ನು ಒರೆಸಿದರು. ಬಟ್ಟೆ ನಡುವಿಗೆ ಬಂತು. ಬಂದು, ಕೊಕ್ಕಿನ ಅಂಚಿನಲ್ಲಿ ನಿಧಾನವಾಯಿತು. ಕತ್ತಿನ ಪಕ್ಕದಲ್ಲಿ ಇಳಿಯಿತು, ಕಾಲನ್ನು ಬಳಸಿ ಹೋಯಿತು, ಅಕ್ಷರಗಳ ಸಂದಿಗೆ ಬೆರಳ ತುದಿ ಮಾತ್ರ ಇಳಿಯಿತು. ಗಾಯವಾದ ಮಗುವಿನ ಮುಖ ತೊಳೆಯುವ ತಾಯಿಯ ಕೈ ಹೀಗೆಯೇ ಹೋಗುತ್ತದೆ.

ಗುಬ್ಬಿ ಕುರ್ಚಿಯ ತುದಿಗೆ ಜರುಗಿದಳು.

"ದಿನಾ ಒರೆಸ್ತೀರಾ ಅಮ್ಮ?"

"ಹೂಂ. ಅವ್ರು ಇದ್ದಾಗ್ಲೂ ನಾನೇ ಒರೆಸ್ತಿದ್ದೆ. ಬೇರೆಯವ್ರು ಮುಟ್ಟಿದ್ರೆ ಅವ್ರಿಗೆ ಆಗ್ತಿರ್ಲಿಲ್ಲ."

"ಕನ್ನಡೀನೂ?"

"ಕನ್ನಡೀನೂ."

"ಯಾವಾಗ್ಲೂ ಹೀಗೇನಾ, ಕೊಕ್ಕರೇನ ಬಿಟ್ಟು?"

ಬಟ್ಟೆ ನಿಂತಿತು. ಕನ್ನಡಿಯೊಳಗೆ ಯಜಮಾನಿಯ ಕಣ್ಣು ಗುಬ್ಬಿಯ ಕಣ್ಣನ್ನು ಒಂದು ಗಳಿಗೆ ಹಿಡಿದು ಬಿಟ್ಟಿತು.

"ಹಳೇ ಬಣ್ಣ. ಜೋರಾಗಿ ಉಜ್ಜಿದ್ರೆ ಎದ್ದು ಬರುತ್ತೆ."

ಬಕೆಟ್ಟನ್ನು ಎತ್ತಿಕೊಂಡು ಅವರು ಒಳಗಿನ ಬಚ್ಚಲಿಗೆ ಹೋದರು. ನೀರು ಚೆಲ್ಲಿದ ಸದ್ದು ಕೇಳಿಸಿತು.

ಗುಬ್ಬಿ ಕುರ್ಚಿಯಿಂದ ಇಳಿದಳು. ಮನೆ ಬಿಟ್ಟು ಓಡಿದ ಗಂಡಂದಿರನ್ನು ಹುಡುಕಿಕೊಂಡು ಅವಳು ಹತ್ತದ ಬಾರಿಲ್ಲ, ನೋಡದ ಬಿಯರ್ ಕನ್ನಡಿಯಿಲ್ಲ. ಕಂಪನಿಯ ಕನ್ನಡಿಗಳಲ್ಲಿ ಬಣ್ಣ ಇರುವುದು ಗಾಜಿನ ಬೆನ್ನಿಗೆ. ಬಣ್ಣ ಬಳಿದಾದ ಮೇಲೆ ಕನ್ನಡಿಯ ಲೇಪ. ಎದುರಿನಿಂದ ಮರಳುಕಾಗದ ಹಾಕಿ ಉಜ್ಜಿದರೂ ಆ ಬಣ್ಣಕ್ಕೆ ಏನೂ ಆಗದು. ವರ್ಷಗಟ್ಟಲೆ ಈ ಕನ್ನಡಿ ಒರೆಸಿದ ಹೆಂಗಸಿಗೆ ಅದು ಕಣ್ಣಿಗೆ ಗೊತ್ತಿರದಿದ್ದರೂ ಕೈಗೆ ಗೊತ್ತಿರಬೇಕಿತ್ತು.

ಅವಳು ಉಗುರನ್ನು ಗಾಜಿನ ಮೇಲೆ ಎಳೆದಳು. ನುಣುಪು, ನುಣುಪು. ಕೊಕ್ಕರೆಯ ಕಾಲಿನ ಬಳಿ ಉಗುರು ತಡೆಯಿತು. ಸಣ್ಣದೊಂದು ದಿಣ್ಣೆ.

ಕತ್ತು ವಾರೆ ಮಾಡಿ ನೋಡಿದಳು. ಪ್ರತಿ ಅಕ್ಷರದ ಹಿಂದೆಯೂ ಕೂದಲೆಳೆಯಷ್ಟು ಸರಿದು ನಿಂತ ಅದರದೇ ನೆರಳು. ಬಣ್ಣ ಗಾಜಿನ ಮುಂದಿತ್ತು. ಪ್ರತಿಬಿಂಬ ಗಾಜಿನ ಹಿಂದಿತ್ತು.

ಇದು ಆ ಕನ್ನಡಿಯಲ್ಲ.

"ಏನ್ ಗುಬ್ಬಿ ಮೇಡಂ, ಕನ್ನಡೀಲಿ ಕಳ್ಳ ಸಿಕ್ಕನಾ?"

ಮೆಟ್ಟಿಲ ಮೇಲಿಂದ ಯಜಮಾನರ ಮಗ ಇಳಿದು ಬರುತ್ತಿದ್ದ. ಅವನ ಹಿಂದೆ ಚಹಾದ ತಟ್ಟೆ ಹಿಡಿದ ಅವನ ಹೆಂಡತಿ.

"ಸದ್ಯಕ್ಕೆ ನಾನೇ ಕಾಣ್ತಿದೀನಿ."

"ಹಾಗಾದ್ರೆ ನಿಮ್ಮನ್ನೇ ಹಿಡ್ಕೊಂಡು ಹೋಗಿ. ಕೇಸೂ ಮುಗೀತು, ನಮ್ಮ ಮನೆ ಚಹಾಪುಡೀನೂ ಉಳೀತು."

"ರೀ," ಎಂದಳು ಸೊಸೆ. ಅಷ್ಟೇ. ಅವಳು ಹೆಚ್ಚು ಮಾತಿನವಳಲ್ಲ. ಈ ವಾರದಲ್ಲಿ ಇನ್ನೂ ಕಡಿಮೆಯಾಗಿತ್ತು. ತಮ್ಮನಿಗೆ ಊಟ ಕೊಡಲು ಸ್ಟೇಷನ್ನಿಗೆ ಹೋಗಿ ಬರುತ್ತಿದ್ದಳು. ಡಬ್ಬಿ ಹೇಗೆ ಹೋಗುತ್ತಿತ್ತೋ ಹಾಗೇ ವಾಪಸು ಬರುತ್ತಿತ್ತು. ಅಪ್ಪ ಅಮ್ಮ ಇಲ್ಲದ ಆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ಅವಳು ಚಹಾದ ಲೋಟಗಳನ್ನು ಕೌಂಟರಿನ ಮೇಲಿಟ್ಟಳು. ಪ್ರತಿ ಲೋಟದ ಕೆಳಗೆ ಒಂದು ದುಂಡನೆಯ ರಟ್ಟು. ರಟ್ಟಿನ ಮೇಲೆ ಕೊಕ್ಕರೆ.

"ಮಾವ ಇದ್ದಿದ್ರೆ ಈ ರಟ್ಟಿನ ಮೇಲೆ ಲೋಟ ಇಡೋಕೆ ಬಿಡ್ತಿರ್ಲಿಲ್ಲ," ಎಂದಳು ಮೆಲ್ಲಗೆ. "ಕಲೆ ಆಗುತ್ತೆ ಅಂತಿದ್ರು."

"ಇಡೋಕೆ ಅಲ್ದೆ ಅದು ಮತ್ತಿನ್ಯಾಕೆ ಇರೋದು?"

"ನಾವೂ ಅದನ್ನೇ ಕೇಳ್ತಿದ್ವಿ."

ಗುಬ್ಬಿ ಲೋಟ ಹಿಡಿದುಕೊಂಡು ಕೋಣೆಯನ್ನು ಇನ್ನೊಮ್ಮೆ ನೋಡಿದಳು. ಸತ್ತ ಯಜಮಾನರು ತಮ್ಮ ಆಯುಷ್ಯವನ್ನೆಲ್ಲ ಒಂದೇ ಕಂಪನಿಗೆ ಬಿಯರ್ ಮಾರಿ ಕಳೆದಿದ್ದರು. ಊರವರ ಬಾಯಾರಿಕೆಯೇ ಅವರ ಕಸುಬು. ಸ್ವತಃ ಹೊಟ್ಟೆಹುಣ್ಣು, ಒಂದು ತೊಟ್ಟು ಬಾಯಿಗೆ ಹಾಕಿದವರಲ್ಲ. ಕಂಪನಿ ಅವರಿಗೆ ಆಗಾಗ ಕೊಟ್ಟ ಸಾಮಾನುಗಳನ್ನೆಲ್ಲ ತಂದು ಈ ನೆಲಮಾಳಿಗೆಯಲ್ಲಿ ಜೋಡಿಸಿದ್ದರು. ಕೆಂಪು ನಿಯಾನ್ ದೀಪ, ಪೀಪಾಯಿ ಕುರ್ಚಿ, ಬಿಲಿಯರ್ಡ್ಸ್ ಮೇಜಿನ ಮೇಲೆ ತೂಗುವ ಉದ್ದನೆ ದೀಪದ ಬುರುಡೆ, ಗೋಡೆ ಗಡಿಯಾರ, ನಲ್ಲಿಯ ಹಿಡಿಕೆ. ಎಲ್ಲದರ ಮೇಲೂ ಹಕ್ಕಿ. ಎಲ್ಲಿಯೂ ಅವರ ಹೆಸರಿಲ್ಲ. ಮನುಷ್ಯ ತನ್ನ ಬದುಕನ್ನು ಬೇರೊಬ್ಬರ ಹೆಸರಿನ ಕೆಳಗೆ ಹೀಗೆ ಒಪ್ಪವಾಗಿ ಇಟ್ಟುಕೊಳ್ಳಬಹುದು, ಹೊದಿಕೆ ಬಿಚ್ಚದೆ, ಯಾರನ್ನೂ ಕೂರಗೊಡದೆ. ಇದು ಪ್ರೀತಿಯೋ ಹಟವೋ ಅವಳಿಗೆ ತಿಳಿಯಲಿಲ್ಲ.

ಚಹಾ ಮುಗಿದಿತ್ತು. ಅವಳು ರಟ್ಟನ್ನು ಎತ್ತಿ ಕನ್ನಡಿಯ ಪಕ್ಕ ಹಿಡಿದಳು.

ಸ್ಟೂಲಿನ ಕೊಕ್ಕರೆ ಬಲಕ್ಕೆ ನೋಡುತ್ತಿತ್ತು. ರಟ್ಟಿನದೂ ಬಲಕ್ಕೆ. ದೀಪದ ಬುರುಡೆಯದು, ಗಡಿಯಾರದ್ದು, ನಿಯಾನಿನದು, ಎಲ್ಲವೂ ಬಲಕ್ಕೆ. ಕನ್ನಡಿಯದೊಂದೇ ಎಡಕ್ಕೆ.

ಒಂದು ವಾರದಿಂದ ಎಷ್ಟೊಂದು ಜನ ಈ ಕೋಣೆಗೆ ಬಂದು ಹೋಗಿದ್ದರು. ಪೊಲೀಸರು, ಡಾಕ್ಟರು, ಫೋಟೋದವರು. ಕನ್ನಡಿಯ ಎದುರು ನಿಂತವರೆಲ್ಲ ತಮ್ಮ ಮುಖ ನೋಡಿಕೊಂಡರೇ ಹೊರತು ಹಕ್ಕಿಯನ್ನು ನೋಡಲಿಲ್ಲ.

"ಈ ಕನ್ನಡಿ ಬರೆದವ್ರು ಯಾರು?"

"ನಮ್ಮ ಪೇಂಟರ್ ಮಾಮ," ಎಂದ ಮಗ. "ಅಪ್ಪನ ಜೀವದ ಗೆಳೆಯ. ಕೊಕ್ಕರೆ ಕಂಪನಿಯ ಕನ್ನಡಿ ಎಲ್ಲಿದ್ರೂ ಅವ್ರ ಕೈಯದ್ದೇ. ಈಗ ಪಕ್ಕದ ಬೀದೀಲಿ ಮನೇಲೇ ಕೂತಿದ್ದಾರೆ. ಯಾಕೆ, ಗುಬ್ಬಿಗೆ ಕೊಕ್ಕರೆ ಮೇಲೆ ಅನುಮಾನಾನಾ?"

"ಸ್ವಲ್ಪ ಕರೆಸ್ತೀರಾ?"

ಮಗ ಕದಲಲಿಲ್ಲ. ಸೊಸೆ ತಟ್ಟೆಯನ್ನು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದಳು.

ಪೇಂಟರ್ ಮಾಮ ಬಂದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಎತ್ತರದ ಮುದುಕ, ತುಸು ಬಾಗಿದ ಬೆನ್ನು, ಕೈಬೆರಳ ಸಂದಿಗಳಲ್ಲಿ ತೊಳೆದರೂ ಹೋಗದ ಬಣ್ಣ. ಸ್ನೇಹಿತ ಬಿದ್ದಿದ್ದ ಜಾಗವನ್ನು ತುಳಿಯದೆ ಸುತ್ತಿ ಬಂದು ನಿಂತರು. ಬಚ್ಚಲಿನಿಂದ ಯಜಮಾನಿಯೂ ಹೊರಗೆ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಷ್ಟು ವರ್ಷದ ಪರಿಚಯದವರು 'ಬಂದ್ರಾ' ಎಂದೂ ಕೇಳಲಿಲ್ಲ.

"ಮಾಮ, ನಿಮ್ಮಿಂದ ಒಂದು ಸಣ್ಣ ಕೆಲಸ," ಎಂದಳು ಗುಬ್ಬಿ. ಬಿಲಿಯರ್ಡ್ಸ್ ಮೇಜಿನ ಪಕ್ಕ ಆಟದ ಅಂಕ ಬರೆಯುವ ಕರಿಹಲಗೆ ತೂಗುತ್ತಿತ್ತು. ಅದರ ಕೆಳಗಿನ ಸೀಮೆಸುಣ್ಣ ತೆಗೆದು ಅವರ ಕೈಗಿಟ್ಟಳು. "ಇಲ್ಲೊಂದು ಕೊಕ್ಕರೆ ಬರೆದು ಕೊಡಿ. ನೋಡ್ಕೊಂಡು ಬೇಡ. ಕೈಗೆ ಬಂದ ಹಾಗೆ."

"ಇದಕ್ಕಾ ಕರೆಸಿದ್ದು? ಕಣ್ಣು ಕಟ್ಟಿದ್ರೂ ಬರೀತೀನಿ."

"ಅದನ್ನೇ ನೋಡ್ಬೇಕು ಅಂತ ಆಸೆ."

ಮುದುಕನ ಮುಖದಲ್ಲಿ ಸಣ್ಣ ಹೆಮ್ಮೆ ಮೂಡಿತು. ಸೀಮೆಸುಣ್ಣ ಹಲಗೆಗೆ ತಾಕಿತು. ಬೆನ್ನಿನ ಬಾಗು, ಕತ್ತಿನ ತಿರುವು, ಕೊಕ್ಕು, ಮಡಿಸಿದ ಒಂದು ಕಾಲು, ಊರಿದ ಒಂದು ಕಾಲು. ಕೈ ಎತ್ತದೆ ಒಂದೇ ಗೆರೆಯಲ್ಲಿ ಮುಗಿಸಿದರು. ನಿಂತಲ್ಲೇ ಹಕ್ಕಿಗೆ ಜೀವ ಬಂದಂತಿತ್ತು.

"ಹೆಂಗೆ?" ಎಂದರು.

"ಚೆನ್ನಾಗಿದೆ," ಎಂದಳು ಗುಬ್ಬಿ. "ಎಡಕ್ಕೆ ನೋಡ್ತಿದೆ."

ಅವಳು ಚಹಾದ ರಟ್ಟನ್ನು ಹಲಗೆಯ ಪಕ್ಕದಲ್ಲಿ ಹಿಡಿದಳು. ಮುದುಕ ಅದನ್ನು ನೋಡಿದರು. ಹಲಗೆ ನೋಡಿದರು. ಆಮೇಲೆ, ನೋಡಬಾರದೆಂದುಕೊಂಡೇ, ಗೋಡೆಯ ಕನ್ನಡಿಯನ್ನು ನೋಡಿದರು.

"ಅದಕ್ಕೇನೀಗ?" ಎಂದ ಮಗ. "ಹಕ್ಕಿ ತಾನೆ! ಎಡಕ್ಕಾದ್ರೂ ನೋಡ್ಲಿ, ಬಲಕ್ಕಾದ್ರೂ ನೋಡ್ಲಿ. ಅದರ ಕತ್ತಿಗೆ ನಾವು ಹಗ್ಗ ಕಟ್ಟಿದ್ದೀವಾ?"

"ನೀವೋ ನಾನೋ ಬರೆದಿದ್ರೆ ಸ್ಟೂಲು ನೋಡಿ ಬಲಕ್ಕೇ ಬರೀತಿದ್ವಿ," ಎಂದಳು ಗುಬ್ಬಿ. "ಮಾಮ ನೋಡ್ಕೊಂಡು ಬರೆಯಲ್ಲ. ಇಷ್ಟು ವರ್ಷ ಅವ್ರು ಬರೆದಿದ್ದು ಗಾಜಿನ ಬೆನ್ನಿಗೆ. ಎದುರಿಂದ ಬಲಕ್ಕೆ ಕಾಣ್ಬೇಕು ಅಂದ್ರೆ ಹಿಂದಿಂದ ಎಡಕ್ಕೆ ಬರೀಬೇಕು. ಅವ್ರ ಕೈಗೆ ಗೊತ್ತಿರೋದು ಎಡದ ಕೊಕ್ಕರೆ ಒಂದೇ. ಈ ಕನ್ನಡೀಲಿ ಬಣ್ಣ ಗಾಜಿನ ಮುಂದಿದೆ. ಅಕ್ಷರ ಓದೋ ವಸ್ತು, ಅದನ್ನ ಜ್ಞಾಪಕ ಇಟ್ಟು ಸರಿಯಾಗಿ ಬರೆದ್ರು. ಹಕ್ಕಿ ಮಾತ್ರ ಕೈಯಿಂದ ತಾನಾಗೇ ಇಳೀತು."

ಸೀಮೆಸುಣ್ಣ ಮುದುಕನ ಬೆರಳಿನಲ್ಲಿ ಎರಡು ತುಂಡಾಯಿತು.

"ಗೋಡೇಲಿ ಮೊದ್ಲು ಇದ್ದ ಕನ್ನಡಿ ಏನಾಯ್ತು ಮಾಮ?"

"ನನ್ನನ್ನ ಕೇಳ್ಬೇಡಿ."

"ಮಾಮ." ಈ ಸಲ ಕರೆದದ್ದು ಸೊಸೆ. "ನಿಮಗೆ ಹಲಗೆ ಕೊಯ್ದು ಕೊಡ್ತಿದ್ದ ಹುಡುಗ ಅವನು. ನಿಮ್ಮ ಕಣ್ಣೆದುರಿಗೆ ಬೆಳೆದವನು. ನಾಳೆ ಬೆಳಿಗ್ಗೆ ಅವನ ಕೈಗೆ ಕೋಳ ಹಾಕಿ ನಿಲ್ಲಿಸ್ತಾರೆ."

ಮುದುಕ ತಲೆ ತಗ್ಗಿಸಿದರು.

"ಹಠ ಬೇಡ, ಅವ್ರನ್ನ ಬಿಡು," ಎಂದರು ಯಜಮಾನಿ. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಬರೆಸಿದ್ದು ನಾನು."

"ಅಮ್ಮಾ!" ಎಂದ ಮಗ.

"ಸುಮ್ನಿರು. ಒಂದು ವಾರ ಹೊತ್ತಿದ್ದೀನಿ. ಸಾಕಾಗಿದೆ."

ಅವರು ಪ್ಲಾಸ್ಟಿಕ್ ಇಲ್ಲದ ಸ್ಟೂಲಿನ ಮೇಲೆ ಕೂತರು. ಆ ಕೋಣೆಯ ಸ್ಟೂಲಿನಲ್ಲಿ ಅವರು ಕೂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಬೆಳಗಾಗೋ ಹೊತ್ತಿಗೆ ಕೆಳಗೆ ಬಂದೆ. ಒರೆಸೋಕೆ. ಕನ್ನಡಿ ಚೂರು ಚೂರಾಗಿ ನೆಲದ ತುಂಬ. ಮಧ್ಯದಲ್ಲಿ ಇವ್ರು. ಮುಟ್ಟಿದೆ, ತಣ್ಣಗಿದ್ರು. ಗಾಯ ನನಗೆ ಕಾಣ್ಲಿಲ್ಲ, ಕೂದಲಲ್ಲಿ ಮುಚ್ಚಿತ್ತು. ಯಾರೋ ನೂಕಿದ್ದಾರೆ, ಬಿದ್ದಿದ್ದಾರೆ ಅಂದ್ಕೊಂಡೆ."

"ಯಾರೋ ಅಂದ್ರೆ?"

ಯಜಮಾನಿ ಮಗನ ಕಡೆ ತಿರುಗಲಿಲ್ಲ. ತಿರುಗದೇ ಇದ್ದದ್ದೇ ಉತ್ತರವಾಗಿತ್ತು.

"ಹಿಂದಿನ ಸಂಜೆ ಇಬ್ಬರ ದನೀನೂ ಮೇಲಕ್ಕೆ ಕೇಳಿಸ್ತಿತ್ತು."

"ಜಗಳ ಆಡಿದ್ದು ನಿಜ," ಎಂದ ಮಗ ಥಟ್ಟನೆ. "ಒಂದು ಸ್ಟೂಲಿನ ಪ್ಲಾಸ್ಟಿಕ್ ಕಿತ್ತೆ, ಅಷ್ಟೇ. ನನ್ನ ಗೆಳೆಯರು ಬರೋರಿದ್ರು, ಕೂರೋಕೆ ಒಂದು ಜಾಗ ಬೇಡ್ವಾ? ಯಾರೋ ಸತ್ತ ಹಾಗೆ ಅಪ್ಪ ಕೂಗಾಡಿದ. ಇಂಥ ಕೋಣೆ ಇದ್ದೂ ನಾನು ನನ್ನ ಗೆಳೆಯರನ್ನ ಬೀದಿ ಅಂಗಡೀಲಿ ಕೂರಿಸ್ಬೇಕು! ನಾಯಿ ಹುಲ್ಲು ಕಾದ ಹಾಗೆ. ತಾನೂ ತಿನ್ನಲ್ಲ, ದನಕ್ಕೂ ಬಿಡಲ್ಲ. ಅಂದೆ, ಮೇಲೆ ಹೋಗಿ ಮಲಗಿದೆ. ಅದಕ್ಕೆ ನೀನು ನಾನೇ ಕೊಂದೆ ಅಂದ್ಕೊಂಡ್ಯಾ ಅಮ್ಮ?"

"ನೂಕಿದೆ ಅಂದ್ಕೊಂಡೆ. ಕೊಂದೆ ಅಂದ್ಕೊಳ್ಳಲಿಲ್ಲ." ಯಜಮಾನಿ ಸೀಟಿನ ಮೇಲಿನ ಹಕ್ಕಿಯನ್ನು ಬೆರಳಿನಿಂದ ಸವರಿದರು. "ಕನ್ನಡಿ ಒಡೆದಿದ್ರೆ ಬಂದವ್ರು ಹೊಡೆದಾಟ ಅಂತಾರೆ. ಕನ್ನಡಿ ಸರಿ ಇದ್ರೆ ಸ್ಟೂಲಿಂದ ಜಾರಿ ಬಿದ್ರು ಅಂತಾರೆ. ಉಗ್ರಾಣದಲ್ಲಿ ಇನ್ನೊಂದು ಚೌಕಟ್ಟು ಇತ್ತು, ಬರೀ ಕನ್ನಡಿ, ಏನೂ ಬರೆಯದ್ದು. ಪೇಂಟರನ್ನ ಕರೆತಂದೆ."

"ಇಲ್ಲೇ ಬರೆದೆ," ಎಂದರು ಪೇಂಟರ್ ಮಾಮ. "ಗೆಳೆಯನ ಮೇಲೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ನಿಂತು. ಬೆನ್ನಿಗೆ ಬರೆಯೋಕೆ ಲೇಪ ತೆಗೀಬೇಕು, ದಿನಗಟ್ಟಲೆ ಬೇಕು. ಎದುರಿಗೇ ಬರೆದೆ. ಬಡಗಿ ಹುಡುಗ ಹಲಗೆಗೆ ಹಚ್ಚಿದ್ದ ವಾರ್ನಿಷ್ ಇನ್ನೂ ಹಸಿ ಇತ್ತು, ನನ್ನ ಬಣ್ಣದ ವಾಸನೆ ಯಾರಿಗೂ ಬರ್ಲಿಲ್ಲ. ಪೊಲೀಸರು ಬಂದಾಗ ಕೊಕ್ಕರೆ ಕಾಲು ಇನ್ನೂ ಆರಿರ್ಲಿಲ್ಲ. ಅವತ್ತು ನನಗೆ ಎಡ ಯಾವುದು ಬಲ ಯಾವುದು ಅನ್ನೋದು ಇರ್ಲಿಲ್ಲಮ್ಮ. ಕೈ ಒಂದೇ ಇತ್ತು."

ಸೊಸೆ ಅತ್ತೆಯ ಎದುರಿಗೆ ಬಂದು ನಿಂತಳು.

"ಅತ್ತೆ, ನನ್ನ ತಮ್ಮನ್ನ ಕರ್ಕೊಂಡು ಹೋಗುವಾಗ ನೀವು ಬಾಗಿಲಲ್ಲೇ ನಿಂತಿದ್ರಿ."

"ಹೂಂ."

"ದಿನಾ ನನ್ನ ಜೊತೆ ಅವನಿಗೆ ಡಬ್ಬಿ ಕಟ್ಟಿದ್ರಿ."

"ಹೂಂ."

"ಹೆಂಗೆ ಕಟ್ಟಿದ್ರಿ ಅತ್ತೆ?"

ಯಜಮಾನಿ ಸೀಟಿನಿಂದ ಬೆರಳನ್ನು ತೆಗೆದರು.

"ಗಾಯ ಉಳಿಯಿಂದ ಆಗಿದ್ದು ಅಂತ ಪೊಲೀಸರು ಹೇಳಿದ್ರಲ್ಲ, ಆಗ ನನಗೆ ಒಂದು ಥರ ಸಮಾಧಾನ ಆಯ್ತು. ಹಾಗಾದ್ರೆ ನನ್ನ ಮಗ ಅಲ್ಲ ಅಂತ. ನಿನ್ನ ತಮ್ಮನೇ ಇರ್ಬೇಕು ಅಂತ. ಹಾಗೆ ನಂಬೋದು ಸುಲಭ ಇತ್ತು ಕಣೇ. ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ನಂಬ್ತಿದ್ದೆ. ಸಂಜೆ ಹೊತ್ತಿಗೆ ನಂಬಿಕೆ ಹೋಗ್ತಿತ್ತು."

ಸೊಸೆ ಅತ್ತು ರಂಪ ಮಾಡಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ಅವಳು ಸುಮ್ಮನೆ ಕೌಂಟರಿಗೆ ಒರಗಿ ನಿಂತುಬಿಟ್ಟಳು.

"ಒಡೆದ ಚೂರುಗಳು?" ಎಂದಳು ಗುಬ್ಬಿ.

"ಇದಾವೆ. ಅವ್ರ ವಸ್ತು, ಬಿಸಾಡೋಕೆ ಮನಸ್ಸು ಬರ್ಲಿಲ್ಲ."

ಮೂಲೆಯಲ್ಲಿ ಕಂಪನಿಯ ಹಳೆಯ ಐಸ್‌ಪೆಟ್ಟಿಗೆಯೊಂದಿತ್ತು, ಕೆಟ್ಟು ಹೋಗಿ ಯಾವ ಕಾಲವಾಗಿತ್ತೋ. ಯಜಮಾನಿ ಅದರ ಬೀಗ ತೆಗೆದರು. ಒಳಗೆ ಟವೆಲಿನಲ್ಲಿ ಸುತ್ತಿದ ಭಾರದ ಗಂಟು. ಗುಬ್ಬಿ ಅದನ್ನು ತಂದು ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಯ ಮೇಲೆ ಬಿಚ್ಚಿ, ದೀಪ ಹಾಕಿದಳು. ಬುರುಡೆಯ ಬೆಳಕು ಮೇಜಿನ ಮೇಲೆ ಮಾತ್ರ ಬಿತ್ತು.

"ಮಾಮ, ಜೋಡಿಸ್ತೀರಾ?"

ಮುದುಕ ಚೂರುಗಳನ್ನು ಒಂದೊಂದಾಗಿ ಬೋರಲು ಹಾಕತೊಡಗಿದರು. ಬೆನ್ನಿನ ಕಡೆಯಿಂದಲೇ ಅವರಿಗೆ ಅದರ ಪರಿಚಯ, ಲೇಪದ ಕೆಳಗಿನ ಬಣ್ಣದ ಉಬ್ಬು ಅವರ ಬೆರಳಿಗೆ ಸಿಗುತ್ತಿತ್ತು. ಇದು ರೆಕ್ಕೆಯ ಅಂಚು, ಇದು 'ತಂಪು'ವಿನ ಸೊನ್ನೆಯ ಜಾಗ, ಇದು ಕತ್ತಿನ ಕೆಳಗಿನದು. ಅಂಚಿಗೆ ಅಂಚು ಕೂಡಿತು. ತಾವು ಎಂದೋ ಬರೆದು ಕಳಿಸಿದ್ದನ್ನು ಮುದುಕ ಈಗ ಮುರಿದ ಮೂಳೆ ಕೂರಿಸುವವರಂತೆ ಮೆತ್ತಗೆ ಒತ್ತುತ್ತಿದ್ದರು. ಎಲ್ಲರೂ ಮೇಜಿನ ಸುತ್ತ ಬಂದು ನಿಂತರು.

ಕೊನೆಯ ಚೂರು ಕೂತಿತು. ಟವೆಲಿನಲ್ಲಿ ಬರೀ ಗಾಜಿನ ಪುಡಿ ಉಳಿಯಿತು.

ನಡುವೆ ಒಂದು ಸಂದು ಹಾಗೆಯೇ ಇತ್ತು.

ಕೊಕ್ಕರೆಯ ಊರಿದ ಕಾಲು ಇರಬೇಕಾದ ಜಾಗ. ಗೇಣುದ್ದ, ಮೇಲೆ ಅಗಲ, ಕೆಳಕ್ಕೆ ಬರಬರುತ್ತ ಸಣ್ಣ. ಅಲ್ಲಿ ಹಸಿರು ಬಟ್ಟೆ ಕಾಣುತ್ತಿತ್ತು. ಗುಬ್ಬಿ ಅದರ ಸಣ್ಣ ತುದಿಯಲ್ಲಿ ತನ್ನ ತೋರುಬೆರಳನ್ನು ಇಟ್ಟಳು. ಸರಿಯಾಗಿ ಬೆರಳಗಲ.

"ಅಮ್ಮ, ಚೂರು ಹೆಕ್ಕುವಾಗ ಏನಾದ್ರೂ ಬಿಟ್ಟು ಹೋಯ್ತಾ?"

"ಮೊಣಕಾಲೂರಿ, ಬ್ಯಾಟರಿ ಹಿಡಿದು ಹೆಕ್ಕಿದ್ದೀನಿ. ಪುಡಿ ಕೂಡ ಬಿಟ್ಟಿಲ್ಲ, ನೋಡಿ."

"ಗೊತ್ತಾಯ್ತು. ಅಂದ್ರೆ ನೀವು ಬರೋಕೆ ಮೊದ್ಲೇ ಇದನ್ನ ಯಾರೋ ತಗೊಂಡು ಹೋಗಿದ್ದಾರೆ."

ಸೊಸೆ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. "ಹಾಗಾದ್ರೆ ಉಳಿ ಅಲ್ಲ," ಎಂದಳು. ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಇನ್ನೊಮ್ಮೆ ಅಂದಳು. "ಉಳಿ ಅಲ್ಲ ಮೇಡಂ. ನನ್ನ ತಮ್ಮ ಅಲ್ಲ."

"ನಾನು ಒಪ್ತೀನಿ. ನ್ಯಾಯಾಧೀಶರು ಒಪ್ಪೋದಕ್ಕೆ ಈ ಸಂದು ಸಾಲ್ದು. 'ಇಲ್ಲದ ವಸ್ತು ತೋರಿಸಿ ಇರೋ ಉಳಿ ಬಿಡು ಅಂತೀರಾ' ಅಂತಾರೆ. ಆ ಚೂರು ಬೇಕು. ಇಲ್ಲಾಂದ್ರೆ ಅದನ್ನ ಹಿಡಿದವರು ಬೇಕು."

"ಚೂರು ಯಾವ ತಿಪ್ಪೇಲಿದೆಯೋ!" ಎಂದ ಮಗ. "ಹಿಡಿದವರನ್ನ ಎಲ್ಲಿ ಹುಡುಕ್ತೀರಿ?"

"ಉಳಿಗೆ ಮರದ ಹಿಡಿ ಇರುತ್ತೆ," ಎಂದಳು ಗುಬ್ಬಿ. "ಗಾಜಿಗೆ ಹಿಡಿ ಇರಲ್ಲ. ಎರಡೂ ಕಡೆ ಕುಯ್ಯುತ್ತೆ. ಅದನ್ನ ಬಿಗಿಯಾಗಿ ಹಿಡಿದು ಒಬ್ಬರಿಗೆ ಚುಚ್ಚಿದ್ರೆ, ಹಿಡಿದವರ ಅಂಗೈ ಸುಮ್ನೆ ಉಳಿಯಲ್ಲ."

ಬುರುಡೆಯ ಬೆಳಕಿನಲ್ಲಿ ಎಲ್ಲರ ಕಣ್ಣೂ ಮೇಜಿನ ಅಂಚಿಗೆ ಇಳಿಯಿತು. ಅಲ್ಲಿ ಕೈಗಳಿದ್ದವು. ಯಜಮಾನಿಯ ಬೆರಳ ತುದಿಗಳಲ್ಲಿ ಚೂರು ಹೆಕ್ಕಿದ ಸಣ್ಣ ಸಣ್ಣ ಗೀರು, ಅಂಗೈ ಹಸನಾಗಿತ್ತು. ಮುದುಕನ ಅಂಗೈಯಲ್ಲಿ ಬಣ್ಣ ಬಿಟ್ಟರೆ ಬೇರೇನಿಲ್ಲ. ಸೊಸೆಯ ಕೈ, ಗುಬ್ಬಿಯ ಪುಟ್ಟ ಕೈ. ಮಗ ಬೆಳಕಿನಿಂದ ಒಂದು ಹೆಜ್ಜೆ ಹಿಂದೆ ನಿಂತಿದ್ದ. ಅವನ ಎರಡೂ ಕೈ ಜೇಬಿನಲ್ಲಿದ್ದವು.

ಸೊಸೆಯ ಮುಖ ನಿಧಾನವಾಗಿ ಬಣ್ಣಗೆಟ್ಟಿತು.

ಮಾವ ಸತ್ತ ಬೆಳಿಗ್ಗೆ ಅವಳು ಹಾಲು ಕಾಯಿಸಲು ಅಡುಗೆಮನೆಗೆ ಹೋದಾಗ ಗಂಡ ನಲ್ಲಿಯ ಕೆಳಗೆ ಬಲಗೈ ಹಿಡಿದು ನಿಂತಿದ್ದ. ಡಬ್ಬಿಯ ಮುಚ್ಚಳ ಜಾರಿ ಕುಯ್ತು ಅಂದಿದ್ದ. ಹಳೆಯ ದಿಂಬಿನ ಚೀಲ ಹರಿದು ಅವಳೇ ಕಟ್ಟಿದ್ದಳು. ಕೆಳಗಿನಿಂದ ಅತ್ತೆಯ ಕೂಗು ಕೇಳಿಸಿದ್ದು ಎಷ್ಟೋ ಹೊತ್ತಿನ ಮೇಲೆ. ಆಮೇಲೆ ಮನೆಯ ತುಂಬ ಜನ. ಗುಬ್ಬಿ ಬಂದ ಮೊದಲ ದಿನ ಅವನ ಕೈಯ ಪಟ್ಟಿ ನೋಡಿ ಏನಾಯಿತೆಂದು ಕೇಳಿದ್ದಳು. ಗಂಡ ಬಾಯಿ ತೆರೆಯುವ ಮೊದಲೇ, ಡಬ್ಬಿ ಮುಚ್ಚಳ ಎಂದು ಉತ್ತರ ಕೊಟ್ಟವಳು ತಾನೇ.

ಯಾವ ಡಬ್ಬಿ ಎಂದು ಅವಳು ಅವನನ್ನು ಕೇಳಿರಲಿಲ್ಲ. ಅಡುಗೆಮನೆ ಅವಳದು. ಅಲ್ಲಿ ಆ ದಿನ ಯಾವ ಡಬ್ಬಿಯೂ ತೆರೆದಿರಲಿಲ್ಲ.

ಅವಳು ಮೇಜು ಸುತ್ತಿ ಗಂಡನ ಹತ್ತಿರ ಹೋದಳು. ಯಜಮಾನಿ ಅವಳ ತೋಳು ಹಿಡಿಯಲು ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದರು. ಪೇಂಟರ್ ಮಾಮ ಕಣ್ಣು ಮುಚ್ಚಿಕೊಂಡರು. ಗುಬ್ಬಿ ಕದಲಲಿಲ್ಲ.

ಸೊಸೆಯ ದನಿ ಎತ್ತರವಾಗಲಿಲ್ಲ. ಮನೆಯಲ್ಲಿ ಉಪ್ಪೋ ನೀರೋ ಕೇಳುವಾಗ ಹೇಗಿರುತ್ತಿತ್ತೋ ಹಾಗೆಯೇ ಇತ್ತು.

"ರೀ, ಬಲಗೈ ಸ್ವಲ್ಪ ತೋರ್ಸಿ."